ಕೆಟ್ಟ ಗಾಳಿಯ ಒಂದು ದಿನ

ಸವದತ್ತಿಗೆ ಹೋದಾಗಲೆಲ್ಲ ನವಿಲುತೀರ್ಥದ ಹಿನ್ನೀರಿನ ಹತ್ತಿರ ಬೈಕ್ ನಿಲ್ಲಿಸ್ತೀನಿ. ಮಲಪ್ರಭೆಯ ನೀರಿದೆ, ಗುಡ್ಡದ ಮೇಲೆ ಫ್ಯಾನುಗಳು ತಿರುಗೋವಷ್ಟು ಗಾಳಿಯಿದೆ. ಹಾಯಿದೋಣಿ ಮಾತ್ರ ನಾನು ಕಂಡಿಲ್ಲ. ಹೋದ ಸಲ ಅಲ್ಲಿ ನಿಂತಾಗ ಡಬ್ಲಿನ್‌ನ ‘ವಾಟರ್ ವ್ಯಾಗ್’ ನೆನಪಾಯ್ತು.

1887ರಲ್ಲಿ ಶುರುವಾದ ಪುಟ್ಟ ಮರದ ರೇಸಿಂಗ್ ದೋಣಿ ಅದು. ದುಡ್ಡಿದ್ದವರು ಇನ್ನೂ ವೇಗದ ದೋಣಿ ಕಟ್ಟಿಸಿ ಗೆಲ್ಲೋ ಕಾಲ. ಥಾಮಸ್ ಮಿಡಲ್ಟನ್ ಅನ್ನೋರು ಸರಳ ಉಪಾಯ ಹೇಳಿದರು: ಎಲ್ಲರ ದೋಣಿಗೂ ಒಂದೇ ವಿನ್ಯಾಸ. ಗೆದ್ದರೆ ಕೈ ಗೆಲ್ಲಲಿ, ಜೇಬು ಬೇಡ. 1900ರಲ್ಲಿ ಮೇಮಿ ಡಾಯ್ಲ್ ಎಂಬ ಹೆಣ್ಣುಮಗಳು ರೂಪಿಸಿದ ವಿನ್ಯಾಸದ ದೋಣಿಗಳು ಇವತ್ತಿಗೂ ಓಡುತ್ತವೆ. ನೂರು ದಾಟಿದ ದೋಣಿಯೂ ಹೊಸದರ ಪಕ್ಕ ಸ್ಪರ್ಧೆಗೆ ನಿಲ್ಲುತ್ತದೆ. ನಮ್ಮ ಬೈಲಹೊಂಗಲ ಕಡೆ ಚಕ್ಕಡಿ ಓಟ ನೋಡಿದವರಿಗೆ ಇದರ ಬೆಲೆ ಗೊತ್ತು. ಅಲ್ಲಿ ಚಕ್ಕಡಿ ಒಂದೇ ಥರ ಇದ್ದರೂ ಎತ್ತು ಕೊಳ್ಳೋ ತಾಕತ್ತು ಒಂದೇ ಇರೋದಿಲ್ಲ.

ಆಫೀಸಲ್ಲಿ ನಾನೂ ಇದೇ ನ್ಯಾಯ ನಂಬಿದವನು. ಎಲ್ಲರಿಗೂ ಅದೇ ಟೆಸ್ಟ್, ಅದೇ ತೊಂಬತ್ತು ನಿಮಿಷ. ಒಮ್ಮೆ ಇಂಟರ್‌ವ್ಯೂಗೆ ರಾಮದುರ್ಗದ ಹುಡುಗನೊಬ್ಬ ಬಂದಿದ್ದ. ರೆಸ್ಯೂಮೆಯಲ್ಲಿ 2019ರಿಂದ ಒಂದು ವರ್ಷ ಖಾಲಿ. ಯಾಕೆ ಅಂತ ಕೇಳಿದೆ. “ಹೊಳಿ ಬಂದಿತ್ರಿ ಸರ್, ಮನಿ ಬಿತ್ತು,” ಅಂದ. ಆ ಪ್ರವಾಹದ ವಿಡಿಯೋಗಳನ್ನ ಬೆಂಗಳೂರಲ್ಲಿ ಕೂತು ಫಾರ್ವರ್ಡ್ ಮಾಡಿದವನು ನಾನು. ಅವನಿಗೆ ಎರಡು ಅಂಕ ಕಮ್ಮಿ ಬಿತ್ತು. ‘ರೂಲ್ ಎಲ್ಲರಿಗೂ ಒಂದೇ’ ಅಂತ ಕೈಬಿಟ್ಟೆ.

ತಪ್ಪು ಮಾಡಿದೆನಾ? ಅವನಿಗೆ ಎರಡು ಅಂಕ ಸೇರಿಸಿದ್ದರೆ, ಆ ಕೆಲಸ ಗಳಿಸಿದ ಕಿತ್ತೂರಿನ ಹುಡುಗಿಗೆ ಏನು ಹೇಳಬೇಕಿತ್ತು? ಅವಳೂ ಸುಮ್ಮನೆ ಬಂದವಳಲ್ಲ. ದೋಣಿ ಒಂದೇ ಇರಬೇಕು ಅನ್ನೋ ನಿಯಮ ಅವಳನ್ನೂ ಕಾಯುತ್ತೆ. ಅದನ್ನ ಮುರಿಯೋಕೆ ನನಗೆ ಈಗಲೂ ಮನಸ್ಸಿಲ್ಲ.

ಆದರೆ ಹಾಯಿದೋಣಿಯವರಿಗೆ ನಾನು ಮರೆತ ಇನ್ನೊಂದು ವಿಷಯ ಗೊತ್ತು. ಸರಣಿಯಲ್ಲಿ ಹಲವು ರೇಸ್ ಇರುತ್ತವೆ. ಸಾಮಾನ್ಯವಾಗಿ ಪ್ರತಿಯೊಬ್ಬರೂ ತಮ್ಮ ಅತಿ ಕೆಟ್ಟ ಫಲಿತಾಂಶವನ್ನ ಲೆಕ್ಕದಿಂದ ಬಿಡಬಹುದು. ದೋಣಿ ಒಂದೇ ಆದರೂ ಗಾಳಿ ಒಂದೇ ಇರೋದಿಲ್ಲ ಅನ್ನೋದನ್ನ ಒಪ್ಪಿಕೊಂಡ ನಿಯಮ ಅದು. ಯಾರಿಗೂ ಅಂಕ ದಾನ ಮಾಡೋದಿಲ್ಲ. ಒಂದು ಕೆಟ್ಟ ದಿನ ಇಡೀ ಮನುಷ್ಯನನ್ನ ಅಳೆಯೋಕೂ ಬಿಡೋದಿಲ್ಲ.

ನಾನು ಕೊಟ್ಟಿದ್ದು ಒಂದೇ ರೇಸ್. ಬಿದ್ದವರಿಗೆಲ್ಲ ಆರು ತಿಂಗಳಲ್ಲಿ ಇನ್ನೊಂದು ಟೆಸ್ಟ್ ಕೊಡೋಣ ಅಂತ ಈಗ ಮ್ಯಾನೇಜರ್‌ಗೆ ಬರೆದಿದ್ದೀನಿ. ಉತ್ತರ ಬಂದಿಲ್ಲ. ಆ ಹುಡುಗನ ನಂಬರ್ ಮಾತ್ರ ಇನ್ನೂ ಇಟ್ಟುಕೊಂಡಿದ್ದೀನಿ.