ಮನೆ ಜಗಳ, ಬೀದಿ ನ್ಯಾಯ

ಮನೆ ಜಗಳ ಬೀದಿಗೆ ತರಬಾರದು ಅನ್ನೋದು ನಮ್ಮಲ್ಲಿ ಹಳೇ ನೀತಿ. ಈ ನೀತಿ ಹೇಳೋನು ಯಾವಾಗಲೂ ಹೊಡೆಯೋನೇ, ಹೊಡೆತ ತಿನ್ನೋನಲ್ಲ. ದೇಶಗಳ ನಡುವೆಯೂ ಇದೇ ಮಾತು ನಡೆಯುತ್ತದೆ.

1946ರಲ್ಲಿ ಭಾರತ, ದಕ್ಷಿಣ ಆಫ್ರಿಕಾದಲ್ಲಿ ಭಾರತೀಯರಿಗೆ ಆಗುತ್ತಿದ್ದ ಅನ್ಯಾಯವನ್ನು ವಿಶ್ವಸಂಸ್ಥೆಯ ಮುಂದಿಟ್ಟಿತು. 'ಇದು ನಮ್ಮ ಆಂತರಿಕ ವಿಷಯ' ಅಂದಿತು ಅಲ್ಲಿನ ಬಿಳಿಯರ ಸರ್ಕಾರ. ಭಾರತ ಒಪ್ಪಲಿಲ್ಲ. ಸರಿಯಾಗೇ ಮಾಡಿತು.

2001ರಲ್ಲಿ ಅದೇ ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ಜನಾಂಗಭೇದದ ವಿರುದ್ಧ ವಿಶ್ವ ಸಮ್ಮೇಳನ ನಡೆಯಿತು. ದಲಿತರು ಅಲ್ಲಿಗೆ ಹೋಗಿ ಜಾತಿಯ ಮಾತೆತ್ತಿದರು. ನಮ್ಮ ಸರ್ಕಾರ ಅಡ್ಡ ಬಂತು: ಜಾತಿ ಜನಾಂಗವಲ್ಲ, ಈ ಸಭೆಗೆ ಸೇರಿದ್ದಲ್ಲ, ನಮ್ಮಲ್ಲೇ ಅದಕ್ಕೆ ಕಾನೂನಿದೆ. ಅಂದು ಬಿಳಿಯನ ಬಾಯಲ್ಲಿದ್ದ ಮಾತಿನ ಧಾಟಿ ಇಂದು ನಮ್ಮವರ ಬಾಯಿಗೆ ಬಂದಿತ್ತು.

ಜಾತಿ, ಜನಾಂಗ ಒಂದೇ ಅಲ್ಲ, ನಿಜ. ಅಂಬೇಡ್ಕರರೇ ಹಾಗೆ ವಾದಿಸಿದ್ದರು. ಆದರೂ 1946ರಲ್ಲೇ ಅವರು ಅಮೆರಿಕದ ಕಪ್ಪು ಚಿಂತಕ ಡುಬಾಯ್ಸ್‌ಗೆ ಪತ್ರ ಬರೆದು, ಅಲ್ಲಿನ ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕೇಳಿದರು. ಗಾಯ ಬೇರೆಯಾದರೂ ಗಾಯಗೊಂಡವರು ಒಬ್ಬರನ್ನೊಬ್ಬರು ಕೇಳಿ ತಿಳಿಯಬಹುದು ಎಂಬುದು ಅವರಿಗೆ ಗೊತ್ತಿತ್ತು.

ಲೋಕದ ವಿದ್ಯಮಾನ ಓದುವ ಪಂಡಿತರು 'ಭಾರತ ಹೀಗೆ ಹೇಳಿತು' ಎಂದು ಬರೆಯುತ್ತಾರೆ. ಯಾವ ಭಾರತ ಸ್ವಾಮಿ? ಡರ್ಬನ್ನಿಗೆ ಸರ್ಕಾರದ ಭಾರತವೂ ಹೋಗಿತ್ತು, ಕೇರಿಯ ಭಾರತವೂ ಹೋಗಿತ್ತು. ಸರ್ಕಾರಗಳ ಮಾತನ್ನಷ್ಟೇ ಕೂಡಿಸಿದರೆ ಲೋಕ ಅರ್ಥವಾಗೋದಿಲ್ಲ.

2023ರಲ್ಲಿ ಅಮೆರಿಕದ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಬೇಕಾಯಿತು. ಜಾತಿಯೇ ಕಡಲು ದಾಟಿ ಹೋಗಿರುವಾಗ ದಲಿತನ ದೂರು ಮಾತ್ರ ಯಾಕೆ ಊರೊಳಗೇ ಕೊಳೀಬೇಕು?