ರೋಗಕ್ಕೆ ಜಾತಿಯಿಲ್ಲ, ಸಾವಿಗೆ?

‘ಕೊರೊನಾಕ್ಕೆ ಜಾತಿ-ಮತ ಇಲ್ಲ, ಬಡವ-ಬಲ್ಲಿದ ಎಂಬ ಭೇದ ಇಲ್ಲ’ ಎಂಬ ಮಾತನ್ನು 2020ರಲ್ಲಿ ಕೇಳದವರಿಲ್ಲ. ಟಿ.ವಿ. ನಿರೂಪಕರು ಹೇಳಿದರು, ಸ್ವಾಮೀಜಿಗಳು ಹೇಳಿದರು, ಆ ವರ್ಷದ ಏಪ್ರಿಲ್ 19ರಂದು ಪ್ರಧಾನಿಯವರೂ ಅದೇ ಅರ್ಥದಲ್ಲಿ ಬರೆದರು. ವೈರಾಣುವಿನ ಮಟ್ಟಿಗೆ ಇದು ನಿಜವೇ. ಶ್ವಾಸಕೋಶಕ್ಕೆ ಇಳಿಯುವ ಮೊದಲು ಅದು ಯಾರ ಗೋತ್ರವನ್ನೂ ವಿಚಾರಿಸುವುದಿಲ್ಲ. ಆದರೆ ಒಂದು ಮೈಯಿಂದ ಇನ್ನೊಂದಕ್ಕೆ ದಾಟಲು ಅದಕ್ಕೆ ಒಂದು ಕೋಣೆ ಬೇಕು, ಒಂದು ಬಸ್ಸು ಬೇಕು, ಬೀದಿಯ ಒಂದು ನಲ್ಲಿ ಬೇಕು. ಯಾರ ಮನೆಗೆ ಎಷ್ಟು ಕೋಣೆ, ಯಾರು ಕೊಡ ಹಿಡಿದು ಯಾವ ನಲ್ಲಿಯ ಮುಂದೆ ಸಾಲಿನಲ್ಲಿ ನಿಲ್ಲಬೇಕು ಎಂಬುದನ್ನು ನಾವು ಬಹಳ ಹಿಂದೆಯೇ ತೀರ್ಮಾನಿಸಿ ಇಟ್ಟಿದ್ದೇವೆ. ಹಾಗಾಗಿ ರೋಗವು ಭೇದ ಮಾಡಬೇಕಾದ ಅಗತ್ಯವೇ ಬರುವುದಿಲ್ಲ.

ಇದಕ್ಕೆ ಹಳೆಯ ಸಾಕ್ಷಿಯೊಂದಿದೆ. 1918ರ ಜೂನ್‌ನಲ್ಲಿ ಇನ್‌ಫ್ಲುಯೆಂಜಾ ಬಂದರಿನ ಮೂಲಕ ಮುಂಬಯಿಗೆ ಬಂತು. ನಿಜವಾಗಿ ಕೊಂದದ್ದು ಮಳೆಗಾಲ ಮುಗಿಯುವ ಹೊತ್ತಿಗೆ ಎದ್ದ ಎರಡನೆಯ ಅಲೆ. ಯುದ್ಧದ ಕಾಲ, ಕಾಳಿನ ಬೆಲೆ ಏರಿತ್ತು, ಮುಂಗಾರು ಕೈಕೊಟ್ಟಿತ್ತು. ದೇಶದಲ್ಲಿ ಸತ್ತವರು ಒಂದು ಕೋಟಿಗೂ ಹೆಚ್ಚು. ನಮ್ಮ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳೂ ಆಗ ಅದೇ ಮುಂಬಯಿ ಪ್ರಾಂತ್ಯದಲ್ಲಿದ್ದವು. ಮುಂಬಯಿ ನಗರದ ಲೆಕ್ಕವನ್ನು ಅಂದಿನ ಅಧಿಕಾರಿಗಳು ಸಮುದಾಯವಾರು ಬರೆದಿಟ್ಟರು. ಪ್ರತಿ ಸಾವಿರ ಜನರಲ್ಲಿ ಯುರೋಪಿಯನ್ನರು 8.3 ಮಂದಿ ಸತ್ತಿದ್ದರು, ಪಾರ್ಸಿಗಳು 9, ಮುಸ್ಲಿಮರು 19.2, ಮೇಲುಜಾತಿಗಳ ಹಿಂದೂಗಳು 18.9. ಕೆಳಜಾತಿಗಳೆಂದು ದಾಖಲೆ ಕರೆದವರಲ್ಲಿ ಆ ಸಂಖ್ಯೆ 61.6. ಒಂದೇ ಊರು, ಒಂದೇ ಗಾಳಿ, ಒಂದೇ ರೋಗ. ಬಂಗಲೆಗೂ ಕೇರಿಗೂ ಏಳು ಪಟ್ಟು ಮೀರಿದ ಅಂತರ.

ಇದನ್ನು ಏನೆಂದು ಕರೆಯಬೇಕು? ಹಣೆಬರಹ ಎನ್ನುವುದು ನಮಗೆ ರೂಢಿ. ಅಮೆರಿಕದ ರಾಜಕೀಯ ಚಿಂತಕಿ ಜೂಡಿತ್ ಶ್ಕ್ಲಾರ್ 1990ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ದುರದೃಷ್ಟಕ್ಕೂ ಅನ್ಯಾಯಕ್ಕೂ ನಡುವಿನ ಗೆರೆಯನ್ನೇ ಪ್ರಶ್ನಿಸಿದರು. ಆ ಗೆರೆಯನ್ನು ಎಳೆಯುವವರು ಬಹುಪಾಲು ನೋವು ತಿಂದವರಲ್ಲ, ಹೊರಗೆ ನಿಂತು ನೋಡಿದವರು. ತಡೆಯಬಹುದಾದದ್ದನ್ನು ತಡೆಯದೆ ಸುಮ್ಮನಿರುವುದೂ ಅನ್ಯಾಯದ ಒಂದು ಬಗೆ ಎಂಬುದು ಅವರ ವಾದದ ತಿರುಳು. ಭೂಕಂಪದಂಥ ವಿಪತ್ತಿನಲ್ಲೂ ಗೋಡೆ ಕಟ್ಟಿದವರ ಹೊಣೆ ಎಷ್ಟು ಎಂದು ಕೇಳಬಹುದಾದರೆ, ಸಾಂಕ್ರಾಮಿಕದಲ್ಲಿ ಕೇಳಲೇಬೇಕು.

ಮತ್ತೆ ಮುಂಬಯಿಗೇ ಬರೋಣ. 2020ರ ಜುಲೈನಲ್ಲಿ ನಗರದ ಮೂರು ವಾರ್ಡುಗಳಲ್ಲಿ ರಕ್ತಪರೀಕ್ಷೆ ನಡೆಸಿದಾಗ ಕೊಳೆಗೇರಿಗಳಲ್ಲಿ ಶೇ. 57ರಷ್ಟು ಜನರಿಗೆ ಸೋಂಕು ತಗುಲಿ ಹೋಗಿತ್ತು. ಉಳಿದ ಬಡಾವಣೆಗಳಲ್ಲಿ ಶೇ. 16. ‘ಸೋಂಕಿತರಲ್ಲಿ ಸತ್ತವರ ಪ್ರಮಾಣ ಕೊಳೆಗೇರಿಯಲ್ಲೇ ಕಡಿಮೆ ಇತ್ತಲ್ಲ’ ಎಂದು ಯಾರಾದರೂ ಕೇಳಬಹುದು. ಹೌದು, ಹಾಗೆ ಕಂಡಿತ್ತು. ಬಿಸಿಲಲ್ಲಿ ದುಡಿಯುವವರಿಗೆ ಕೊರೊನಾ ಏನೂ ಮಾಡದು ಎಂಬ ಮಾತಿಗೆ ಅದರಿಂದ ಬಲವೂ ಬಂತು. ಆದರೆ ಅಲ್ಲಿರುವವರಲ್ಲಿ ಹರೆಯದವರೇ ಹೆಚ್ಚು. ಗುಳೆ ಬಂದವರ ಅಪ್ಪ-ಅಮ್ಮ ಊರಲ್ಲಿರುತ್ತಾರೆ. ಅಲ್ಲೇ ಹುಟ್ಟಿ ಬೆಳೆದವರಲ್ಲಿ ಅನೇಕರಿಗೆ ಮುಪ್ಪು ನೋಡುವ ಭಾಗ್ಯವೇ ಇರುವುದಿಲ್ಲ. ಮುದುಕರು ಕಡಿಮೆಯಿರುವ ಕೇರಿಯಲ್ಲಿ ಮುದುಕರ ಸಾವು ಕಡಿಮೆ ಎಂಬುದನ್ನು ಬಡವರ ರೋಗನಿರೋಧಕ ಶಕ್ತಿ ಎಂದು ಹೊಗಳುವುದು ಸ್ವಲ್ಪ ಕ್ರೂರ ಹಾಸ್ಯ.

ಕೋವಿಡ್ ಸಾವುಗಳನ್ನಷ್ಟೇ ನೋಡುತ್ತ ಕೂತರೂ ದಾರಿ ತಪ್ಪುತ್ತೇವೆ. 2019ರಲ್ಲಿ ದೇಶದಲ್ಲಿ ಸುಮಾರು 24 ಲಕ್ಷ ಕ್ಷಯರೋಗಿಗಳು ಸರ್ಕಾರದ ಲೆಕ್ಕಕ್ಕೆ ಸಿಕ್ಕಿದ್ದರು, 2020ರಲ್ಲಿ 18 ಲಕ್ಷ. ಆರು ಲಕ್ಷ ಜನ ಒಮ್ಮೆಗೇ ಗುಣವಾಗಿಬಿಟ್ಟರೆಂದು ಯಾವ ವೈದ್ಯರೂ ನಂಬಲಿಲ್ಲ. ಬಸ್ಸಿರಲಿಲ್ಲ, ಕಫ ಪರೀಕ್ಷೆ ಮಾಡುವವರು ಕೊರೊನಾ ಕೆಲಸಕ್ಕೆ ಹೋಗಿದ್ದರು, ಕೆಮ್ಮಿದರೆ ಜನ ದೂರ ಸರಿಯುತ್ತಿದ್ದರು. ಕ್ಷಯ ಯಾರ ಮನೆಯ ಕಾಯಿಲೆ ಎಂದು ಬಿಡಿಸಿ ಹೇಳಬೇಕಿಲ್ಲ.

ಭೇದ ಮಾಡದಿರುವುದೇ ನ್ಯಾಯ ಎಂದು ನಾವು ನಂಬಿಕೊಂಡಿದ್ದೇವೆ. ನನ್ನ ತಕರಾರು ಇರುವುದು ಈ ನಂಬಿಕೆಯ ಮೇಲೆ. 2021ರ ಮೇ ತಿಂಗಳಲ್ಲಿ 18ರಿಂದ 44ರ ವಯಸ್ಸಿನವರು ಲಸಿಕೆಗೆ ಕೋವಿನ್ ಜಾಲತಾಣದಲ್ಲೇ ಹೆಸರು ನೋಂದಾಯಿಸಬೇಕಿತ್ತು. ಅದರಷ್ಟು ನಿಷ್ಪಕ್ಷಪಾತಿ ಇನ್ನೊಂದಿಲ್ಲ: ಯಾರ ಶಿಫಾರಸಿಗೂ ಅದು ಜಗ್ಗುತ್ತಿರಲಿಲ್ಲ, ಮೊದಲು ಒತ್ತಿದವರಿಗೆ ಮೊದಲ ಸ್ಲಾಟ್. ಮೊದಲಿಗೆ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಕನ್ನಡ ಸೇರಿದ್ದು ಜೂನ್‌ನಲ್ಲಿ. ಫಲ ಏನಾಯಿತು? ನಗರದಲ್ಲಿ ಸ್ಲಾಟ್ ಸಿಗದವರು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಸ್ಲಾಟ್ ಹಿಡಿದು, ಕಾರಿನಲ್ಲಿ ಹೋಗಿ ಚುಚ್ಚಿಸಿಕೊಂಡು ಬಂದರು. ಆ ಕೇಂದ್ರದ ಎದುರಿನ ಮನೆಯವರು ನೋಡುತ್ತ ನಿಂತರು. ಇದರಲ್ಲಿ ಯಾರೂ ನಿಯಮ ಮುರಿಯಲಿಲ್ಲ ಎಂಬುದೇ ಹೆಚ್ಚು ಯೋಚಿಸಬೇಕಾದ ಸಂಗತಿ. ಸುಪ್ರೀಂ ಕೋರ್ಟ್ ಪ್ರಶ್ನಿಸಿತು, ನೀತಿ ಬದಲಾಯಿತು. ಆ ವೇಳೆಗೆ ಎರಡನೆಯ ಅಲೆ ತನ್ನ ಪಾಲು ತೆಗೆದುಕೊಂಡಾಗಿತ್ತು.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೂಡ ಹಾಗೆಯೇ. ಕಪ್ಪು ವರ್ಣದ ರೋಗಿಗಳಲ್ಲಿ ಆಮ್ಲಜನಕ ಕುಸಿದದ್ದನ್ನು ಅದು ಗುರುತಿಸದೇ ಹೋಗುವುದು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಎಂದು 2020ರ ಡಿಸೆಂಬರ್‌ನಲ್ಲಿ ಅಮೆರಿಕದ ವೈದ್ಯರು ತೋರಿಸಿದರು. ಇನ್ನು ಆಮ್ಲಜನಕವೇ ಇಲ್ಲದಿದ್ದರೆ? 2021ರ ಮೇ ಮೊದಲ ವಾರ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಒಂದೇ ದಿನದಲ್ಲಿ 24 ರೋಗಿಗಳು ಸತ್ತರು. ಸಿಲಿಂಡರುಗಳು ಮೈಸೂರಿನಿಂದ ಬರಬೇಕಿತ್ತು.

ಲೆಕ್ಕ ಇಡುವುದರಲ್ಲೂ ಇದೇ ಕಥೆ. ದಿನದಿನದ ಕೋವಿಡ್ ಬುಲೆಟಿನ್‌ನಲ್ಲಿ ಜಿಲ್ಲೆ, ವಯಸ್ಸು, ಲಿಂಗ ಇರುತ್ತಿತ್ತು. ಜಾತಿ, ಕಸುಬು ಇರುತ್ತಿರಲಿಲ್ಲ. ಪರಕೀಯ ಸರ್ಕಾರ ಬರೆದಿಟ್ಟದ್ದನ್ನು ನಮ್ಮದೇ ಸರ್ಕಾರ ಬರೆಯಲಿಲ್ಲ. ಸಮುದಾಯದ ಹೆಸರಿನಲ್ಲಿ ಲೆಕ್ಕ ಕೊಟ್ಟರೆ ಕಳಂಕ ಹಚ್ಚಿದಂತಾಗುತ್ತದೆ ಎಂಬುದು ಇದಕ್ಕೆ ಕೊಡಬಹುದಾದ ಗಟ್ಟಿಯಾದ ಸಮರ್ಥನೆ. ಅದನ್ನು ತಳ್ಳಿಹಾಕಲಾರೆ, ಕಣ್ಣಾರೆ ಕಂಡಿದ್ದೇವೆ. ಪ್ರಧಾನಿಯವರು ಬರೆಯುವುದಕ್ಕೆ ಹಿಂದಿನ ದಿನವೇ ಕೇಂದ್ರ ಆರೋಗ್ಯ ಸಚಿವಾಲಯವು ದೇಶದ ಪ್ರಕರಣಗಳಲ್ಲಿ ಸುಮಾರು ಶೇ. 30 ತಬ್ಲೀಗಿ ಜಮಾತ್ ಎಂಬ ಮುಸ್ಲಿಂ ಧಾರ್ಮಿಕ ಸಂಘಟನೆಯ ಸಮಾವೇಶಕ್ಕೆ ಸಂಬಂಧಿಸಿದ್ದು ಎಂದು ಪತ್ರಿಕಾಗೋಷ್ಠಿಯಲ್ಲಿ ಹೇಳಿತ್ತು. ಆ ದಿನಗಳಲ್ಲಿ ತರಕಾರಿ ಮಾರುವವರ ಹೆಸರು ಕೇಳುವವರು ಬೀದಿಗಿಳಿದಿದ್ದರು. ಆ ಸಮಾವೇಶಕ್ಕೆ ಬಂದಿದ್ದ ವಿದೇಶಿಯರನ್ನು ಬಲಿಪಶು ಮಾಡಿದಂತಿದೆಯೆಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಹೇಳಿದ್ದು ಆಗಸ್ಟ್‌ನಲ್ಲಿ.

ಅಂದರೆ ಸಮುದಾಯದ ಲೆಕ್ಕವೇ ಇರಲಿಲ್ಲ ಎನ್ನುವಂತಿಲ್ಲ. ದೂರಲು ಬೇಕಾದಾಗ ಎಣಿಸಿದರು, ಕಾಪಾಡಲು ಬೇಕಾದಾಗ ಎಣಿಸಲಿಲ್ಲ. ಯಾರು ರೋಗ ತಂದರು ಎಂಬ ಪಟ್ಟಿ ಇತ್ತು. ಯಾರು ಹೆಚ್ಚು ಸತ್ತರು ಎಂಬ ಪಟ್ಟಿ ಇರಲಿಲ್ಲ.

ಆ ಪಟ್ಟಿಯನ್ನು ಕಟ್ಟಿಕೊಡಲು ಸಂಶೋಧಕರು ಯತ್ನಿಸಿದ್ದು 2024ರಲ್ಲಿ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮಾಹಿತಿ ಹಿಡಿದು. ಅವರ ಅಂದಾಜಿನಲ್ಲಿ 2020ರಲ್ಲಿ ನಿರೀಕ್ಷಿತ ಆಯುಸ್ಸು ಮೇಲುಜಾತಿಯ ಹಿಂದೂಗಳಲ್ಲಿ 1.3 ವರ್ಷ ಕುಸಿಯಿತು, ಪರಿಶಿಷ್ಟ ಜಾತಿಗಳಲ್ಲಿ 2.7, ಪರಿಶಿಷ್ಟ ಪಂಗಡಗಳಲ್ಲಿ 4.1, ಮುಸ್ಲಿಮರಲ್ಲಿ 5.4. ಮಾದರಿ ಸರಿಯಿಲ್ಲವೆಂದು ಸರ್ಕಾರ ಅದನ್ನು ತಿರಸ್ಕರಿಸಿತು. ತಿರಸ್ಕರಿಸುವ ಹಕ್ಕು ಅದಕ್ಕಿದೆ. ಆದರೆ ತನ್ನದೇ ಸಮುದಾಯವಾರು ಅಂಕಿಗಳನ್ನು ಎದುರಿಟ್ಟು ‘ಇದು ನಿಜ’ ಎನ್ನಲಿಲ್ಲ.

ಎಣಿಸಿದ ಮಾತ್ರಕ್ಕೆ ಜೀವ ಉಳಿಯುವುದಿಲ್ಲ ಎಂಬುದಕ್ಕೂ 1918ರ ಮುಂಬಯಿಯೇ ಸಾಕ್ಷಿ. 61.6 ಎಂದು ಬರೆದವರು ಬರೆದು ಕಡತ ಕಟ್ಟಿದರು. ಸತ್ತವರ ಕೇರಿಗೆ ಮತವಿರಲಿಲ್ಲ, ಸದನದಲ್ಲಿ ಪ್ರಶ್ನೆ ಕೇಳಲು ತನ್ನದೇ ದನಿಯಿರಲಿಲ್ಲ. ಈಗ ಎರಡೂ ಇವೆ. ಹಾಗಾಗಿ ಕಡತದಲ್ಲಿದ್ದ ಅಂಕಿ ಇಂದು ಬೀದಿಗೆ ಬಂದರೆ ಅದರ ತೂಕವೇ ಬೇರೆ.

ಹೊಸದಾಗಿ ಹೆಚ್ಚೇನೂ ಕಂಡುಹಿಡಿಯಬೇಕಿಲ್ಲ. ಮರಣ ನೋಂದಣಿಯ ನಮೂನೆಯಲ್ಲಿ ಮೃತರ ಧರ್ಮ, ಉದ್ಯೋಗ, ಸಾಯುವ ಮುನ್ನ ಯಾವ ಬಗೆಯ ಚಿಕಿತ್ಸೆ ಸಿಕ್ಕಿತ್ತು ಎಂಬ ಕಾಲಂಗಳು ಈಗಾಗಲೇ ಇವೆ. ಮುಂದಿನ ಸಾಂಕ್ರಾಮಿಕ ಬರುವ ಮೊದಲು ಅದಕ್ಕೆ ಇನ್ನೆರಡು ಸೇರಲಿ: ಜಾತಿ, ಮತ್ತು ಮನೆಯಲ್ಲಿ ಎಷ್ಟು ಕೋಣೆ. ವ್ಯಕ್ತಿಯ ಹೆಸರು ಬೇಡ, ತಿಂಗಳಿಗೊಮ್ಮೆ ಜಿಲ್ಲಾವಾರು ಒಟ್ಟು ಅಂಕಿ ಪ್ರಕಟವಾದರೆ ಸಾಕು. ನಿಮ್ಮ ಶಾಸಕರು ಮತ ಕೇಳಲು ಬಂದಾಗ ಇದನ್ನು ಕೇಳಿ. ನಿಮ್ಮೂರಿನ ಯಾವ ಕೇರಿ, ಯಾವ ಜಾತಿ, ಎಷ್ಟು ಮತ ಎಂಬ ಲೆಕ್ಕ ಅವರ ಬಳಿ ಇದ್ದೇ ಇರುತ್ತದೆ.