ಪಾಲಕರ ಹೆಬ್ಬೆಟ್ಟು ಸಾಕೆ?

ಸುರಪುರದ ಟೇಲರ್ ಮಂಜಿಲ್ ನೋಡಿದವರಿಗೆ ಫಿಲಿಪ್ ಮೆಡೋಸ್ ಟೇಲರನ ಹೆಸರು ಹೊಸದಲ್ಲ. 1840ರ ದಶಕದಲ್ಲಿ ಸುರಪುರದ ಅರಸ ರಾಜಾ ವೆಂಕಟಪ್ಪ ನಾಯಕ ಇನ್ನೂ ಬಾಲಕ. ಬ್ರಿಟಿಷರ ಪರವಾಗಿ ಬಂದ ಟೇಲರ್ ಸಂಸ್ಥಾನವನ್ನೂ ಹುಡುಗನನ್ನೂ ನೋಡಿಕೊಂಡ. ಹುಡುಗ ಪ್ರಾಯಕ್ಕೆ ಬಂದ ಮೇಲೆ, 1853ರಲ್ಲಿ, ಆಡಳಿತ ಒಪ್ಪಿಸಿ ಹೋದ. ಅರಸ ತನ್ನನ್ನು ‘ಅಪ್ಪಾ’ ಎನ್ನುತ್ತಿದ್ದ ಎಂದು ಟೇಲರನೇ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಆ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಅದೇ ಆತ್ಮಕಥೆಯಲ್ಲಿ ಹುಡುಗನ ಜಾತಕದ ಗುಟ್ಟೂ ಅಚ್ಚಾಯಿತು: 24ನೇ ವಯಸ್ಸಿಗೆ ಸಾವು ಎಂಬ ಭವಿಷ್ಯ. ಪುಸ್ತಕ ಬಂದದ್ದು 1877ರಲ್ಲಿ. ಬ್ರಿಟಿಷರ ವಿರುದ್ಧದ 1858ರ ಬಂಡಾಯದ ಬೆನ್ನಲ್ಲೇ ತೀರಿಕೊಂಡಿದ್ದ ಅರಸನಿಗೆ ‘ಬೇಡ’ ಎನ್ನುವ ಅವಕಾಶವೇ ಇರಲಿಲ್ಲ.

ಒಳ್ಳೆಯ ಪಾಲಕನಿಗೂ ಮಗುವಿನ ಗುಟ್ಟಿನ ಮೇಲೆ ಎಷ್ಟು ಹಕ್ಕಿದೆ? ಇಂದು ಈ ಪ್ರಶ್ನೆ ನಮ್ಮೆಲ್ಲರ ಮನೆಗೆ ಬಂದಿದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸಲು ತಂದೆ ತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕು, ಒಪ್ಪಿದವರು ನಿಜಕ್ಕೂ ಅವರೇ ಎಂದು ಖಚಿತವಾಗಬೇಕು. ಮಕ್ಕಳ ಬೆನ್ನುಹತ್ತಿ ಗಮನಿಸುವಂತಿಲ್ಲ, ಅವರನ್ನು ಗುರಿಯಿಟ್ಟು ಜಾಹೀರಾತು ತೋರಿಸುವಂತಿಲ್ಲ. ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. 2025ರ ನವೆಂಬರ್‌ನಲ್ಲಿ ನಿಯಮಗಳು ಹೊರಬಂದವು. ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಗಡುವಿದೆ. ಇದಕ್ಕೆಲ್ಲ ಬುನಾದಿ ಹಾಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ದಾವೆ. ಆ ದಾವೆಯಲ್ಲೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಹಕ್ಕು ಮಗುವಿಗೆ ನೇರವಾಗಿ ಸೇರಿದ್ದು. ಅಪ್ಪನ ಪಾಲಿನಿಂದ ಬಂದದ್ದಲ್ಲ.

ಕಾಯ್ದೆ ಹೆಚ್ಚಿನ ಭಾರ ಹೊರಿಸಿರುವುದು ಮಾತ್ರ ಅಪ್ಪ ಅವ್ವನ ಒಪ್ಪಿಗೆಯ ಮೇಲೆ. ಅದೇ ಸುರಪುರವಿರುವ ಯಾದಗಿರಿ ಜಿಲ್ಲೆಯಲ್ಲಿ ಆ ಒಪ್ಪಿಗೆ ಹೇಗಿರುತ್ತದೆ? 2011ರ ಜನಗಣತಿಯಲ್ಲಿ ಇಲ್ಲಿನ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕೊನೆಯ ಸ್ಥಾನ. ಸುರಪುರ, ಶಹಾಪುರದ ಹಳ್ಳಿಗಳಿಂದ ಅಪ್ಪ ಅವ್ವ ಬೆಂಗಳೂರಿಗೆ, ಪುಣೆಗೆ ಗುಳೆ ಹೋಗುತ್ತಾರೆ. ಮಕ್ಕಳು ಅಜ್ಜಿಯ ಹತ್ತಿರ. ಮನೆಗೊಂದೇ ಫೋನು, ಒಟಿಪಿ ಬಂದರೆ ಅದನ್ನು ಓದಿ ಒತ್ತುವವನು ಆರನೇ ತರಗತಿಯ ಮೊಮ್ಮಗ. ಶಾಲೆಯಿಂದ ಬಂದ ಅರ್ಜಿಗೆ ಅಜ್ಜಿ ಮಸಿ ಹಚ್ಚಿ ಹೆಬ್ಬೆಟ್ಟು ಒತ್ತುತ್ತಾಳೆ. ‘ಸಾಲಿಯವ್ರು ಕೇಳ್ಯಾರ, ಒತ್ತೀನಿ’ ಎಂಬುದಷ್ಟೇ ಅವಳ ತಿಳಿವಳಿಕೆ. ಕಾಗದದ ಮೇಲೆ ಒಪ್ಪಿಗೆ ಪೂರ್ತಿ, ನಿಜದಲ್ಲಿ ಯಾರೂ ಏನನ್ನೂ ಒಪ್ಪಿಲ್ಲ.

ಹೊಲದ ವಿಷಯದಲ್ಲಿ ನಮ್ಮ ಕಾನೂನು ಇಷ್ಟು ಸಡಿಲವಾಗಿಲ್ಲ. 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆಯಂತೆ ಮೈನರ್ ಮಗನ ಹೆಸರಿನ ಪಹಣಿಯ ಹೊಲವನ್ನು ಹೆತ್ತ ಅಪ್ಪನೂ ಕೋರ್ಟಿನ ಅನುಮತಿಯಿಲ್ಲದೆ ಮಾರುವಂತಿಲ್ಲ. ಮಾರಿದರೆ, ಮಗ ಪ್ರಾಯಕ್ಕೆ ಬಂದ ಮೇಲೆ ಮೂರು ವರ್ಷದೊಳಗೆ ದಾವೆ ಹೂಡಿ ಅದನ್ನು ರದ್ದು ಮಾಡಿಸಬಹುದು. ಅಪ್ಪ ಕಾವಲುಗಾರ, ಒಡೆಯನಲ್ಲ ಎಂಬುದು ಅದರ ತಿರುಳು. ಎರಡೆಕರೆ ಎರೆಭೂಮಿಗೆ ಇರುವ ಈ ಕಾವಲು ಮಗುವಿನ ಮುಖಕ್ಕೆ, ಅಂಕಪಟ್ಟಿಗೆ, ಆರೋಗ್ಯದ ವಿವರಕ್ಕೆ ಏಕಿಲ್ಲ? ಹೊಲವಾದರೂ ಮರಳಿ ಬಂದೀತು. ಹತ್ತು ಕಡೆ ನಕಲಾದ ಮಾಹಿತಿ ಮರಳುವುದಿಲ್ಲ.

ಇನ್ನೂ ಕಠಿಣವಾದ ಸಂದರ್ಭವಿದೆ. ತನ್ನ ಮದುವೆ ನಿಲ್ಲಿಸಿ ಎಂದು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವ ಹುಡುಗಿ ಅಪ್ಪನನ್ನು ಕೇಳಿ ಮಾಡುವುದಿಲ್ಲ. ಅವಳ ಹಿತ ಮನೆಯವರ ಇಚ್ಛೆಗೆ ವಿರುದ್ಧವಾಗಿದೆ. ಮುಖ್ಯವಾಗಿ ಒಪ್ಪಿಗೆಯನ್ನೇ ನಂಬಿದ ಕಾಯ್ದೆಗೆ ಇಂಥ ಮಗು ಸುಲಭವಾಗಿ ಕಾಣುವುದಿಲ್ಲ.

ಸರ್ಕಾರವೂ ಮಕ್ಕಳಿಗೆ ಪಾಲಕನೇ, ಅದೂ ಎಲ್ಲರಿಗಿಂತ ದೊಡ್ಡವನು. ನಿಯಮಗಳು ಶಾಲೆಗಳಿಗೂ, ಸರ್ಕಾರದ ಸೌಲಭ್ಯಗಳಿಗೂ ಹಲವು ವಿನಾಯಿತಿ ಕೊಟ್ಟಿವೆ. ವಿದ್ಯಾರ್ಥಿಗಳಿಗೆ ಕೊಡುವ ಅಪಾರ್ ಗುರುತಿನ ಸಂಖ್ಯೆ ಐಚ್ಛಿಕ, ಪಾಲಕರ ಒಪ್ಪಿಗೆ ಬೇಕು ಎಂದೇ ಸರ್ಕಾರ ಹೇಳುತ್ತದೆ. ಆದರೆ ಮೇಷ್ಟ್ರ ಮುಂದೆ ನಿಂತ ಬಡವರಿಗೆ ‘ಒಲ್ಲೆ’ ಎನ್ನುವ ಧೈರ್ಯ ಎಲ್ಲಿಂದ ಬರಬೇಕು? ಆಧಾರ್ ಕಾಯ್ದೆಗೆ 2019ರಲ್ಲಿ ಮಾಡಿದ ತಿದ್ದುಪಡಿ, 18 ತುಂಬಿದ ಆರು ತಿಂಗಳೊಳಗೆ ತಮ್ಮ ಆಧಾರ್ ಸಂಖ್ಯೆಯನ್ನು ರದ್ದು ಮಾಡಿಸುವ ಹಕ್ಕನ್ನು ಮಕ್ಕಳಿಗೆ ಕೊಟ್ಟಿದೆ. ಒಳ್ಳೆಯ ತತ್ವ. ಆದರೆ ಅದನ್ನು ಮಕ್ಕಳಿಗೆ ತಿಳಿಸಿ ಹೇಳುವವರಿಲ್ಲ.

ಹಾಗಾದರೆ ಅಪ್ಪ ಅವ್ವನನ್ನು ಬದಿಗಿಡಬೇಕೆ ಎಂದು ಕೇಳಬಹುದು. ಖಂಡಿತ ಬೇಡ, ಅವರ ಮಾತು ಇರಲಿ. ಆದರೆ ಅವರ ಸಹಿ ಬಿದ್ದ ಮಾತ್ರಕ್ಕೆ ಮಾಹಿತಿ ತೆಗೆದುಕೊಂಡವರ ಹೊಣೆ ಮುಗಿಯಕೂಡದು. ಕಾಯ್ದೆಯ 9ನೇ ಕಲಮಿನಲ್ಲೇ ಒಂದು ಗಟ್ಟಿ ಮಾತಿದೆ: ಮಗುವಿನ ಒಳಿತಿಗೆ ಕೇಡಾಗುವಂತೆ ಮಾಹಿತಿ ಬಳಸಬಾರದು. ಒಪ್ಪಿಗೆ ಇದ್ದರೂ ಕೂಡದು. ಭಾರ ಬೀಳಬೇಕಾದದ್ದು ಇದರ ಮೇಲೆ. ಕೇಡಿಲ್ಲವೆಂದು ತೋರಿಸಬೇಕಾದವರು ಕಂಪನಿ ಮತ್ತು ಇಲಾಖೆ, ಅಜ್ಜಿಯಲ್ಲ. 18 ತುಂಬಿದ ದಿನ ಪ್ರತಿ ಹುಡುಗ ಹುಡುಗಿಗೂ ತಮ್ಮ ಬಗ್ಗೆ ಯಾರ ಬಳಿ ಏನಿದೆ ಎಂಬ ಲೆಕ್ಕ, ಅಳಿಸುವ ಹಕ್ಕಿನ ಸಮೇತ, ಕನ್ನಡದಲ್ಲಿ ಕೈಗೆ ಸಿಗಬೇಕು.

ಅಲ್ಲಿಯವರೆಗೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಲ್ಲಿ ಒಂದು ವಿನಂತಿ. ಮುಂದಿನ ಅರ್ಜಿ ಬಂದಾಗ, ಇದನ್ನು ಏಕೆ ಕೇಳುತ್ತೀರಿ, ಯಾರಿಗೆ ಕೊಡುತ್ತೀರಿ, ಯಾವಾಗ ಅಳಿಸುತ್ತೀರಿ ಎಂದು ಸಭೆಯಲ್ಲಿ ಕೇಳಿ. ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಹೆಬ್ಬೆಟ್ಟು ಆಮೇಲೆ ಬೀಳಲಿ.